ಎಂಟನೆಯ ಹೆಸರು

"ಕಾಲು ಎಲ್ಲಿಡಬೇಕ್ರಿ ಅಣ್ಣಾರ?" ಎಂದು ಪ್ರೇಮಾಬಾಯಿ ಕೇಳಿದಾಗ ಗುರುಲಿಂಗಪ್ಪನ ಬುಲೆಟ್ ಆಗಲೇ ಶುರುವಾಗಿತ್ತು. ಅವನು ಬಗ್ಗಿ ಹಿಂದಿನ ಫುಟ್‌ರೆಸ್ಟನ್ನು ಕೈಯಿಂದ ಬಿಡಿಸಿ ತೋರಿಸಿದ. ಅವಳು ಸೀರೆಯ ಅಂಚನ್ನು ಎತ್ತಿ ಸಿಕ್ಕಿಸಿಕೊಂಡು, ಅವನ ಹೆಗಲು ಮುಟ್ಟದೆ, ಸೀಟಿನ ಹಿಂದಿನ ಕಬ್ಬಿಣದ ಕ್ಯಾರಿಯರ್ ಹಿಡಿದು ಹತ್ತಿ ಕೂತಳು.

ನಾಸಿಕದ ಸಾತಪುರದ ಪಂಪು ಕಾರ್ಖಾನೆಯ ಎದುರಿನ ಬೇವಿನ ಮರದ ಕೆಳಗೆ ಏಳು ಮೋಟಾರ್ ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ೧೯೭೪ರ ಆಗಸ್ಟ್ ಹದಿನೈದು. ಪ್ರತಿ ವರ್ಷ ಈ ದಿನ ಕಾರ್ಖಾನೆಯ ಕನ್ನಡದವರು ಮಾಲೇಗಾಂವ್, ಚಾಳೀಸಗಾಂವ್ ದಾಟಿ, ಔಟ್ರಮ್ ಘಾಟ್ ಹತ್ತಿ ವೇರೂಳದ, ಎಂದರೆ ಎಲ್ಲೋರದ, ಗುಹೆಗಳಿಗೆ ಹೋಗುವ ರೂಢಿ.

"ಏನಪಾ ಗುರುಲಿಂಗ, ಮೊದಲ ಸಲಾ ವೈನಿಯವರನ್ನ ಕರಕೊಂಡು ಬಂದೀ ಅಂದ್ರ..." ಎಂದು ನಗುತ್ತ ಹತ್ತಿರ ಬಂದ ಧಾರವಾಡದ ಚಿದಂಬರ, ಮುಖ ಗುರುತಾದೊಡನೆ ನಗುವನ್ನು ಎಲ್ಲಿಡಬೇಕೆಂದು ತಿಳಿಯದೆ ತನ್ನ ಗಾಡಿಯ ಪೆಟ್ರೋಲ್ ಮುಚ್ಚಳ ತೆಗೆದು ಒಳಗೆ ನೋಡತೊಡಗಿದ.

ವೆಂಕಟರಮಣ ಬಂದ. ಮೈಸೂರಿನವನು, ಕಾರ್ಖಾನೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರು, ಈ ಗುಂಪಿನ ಸೆಕ್ರೆಟರಿ, ಗುರುಲಿಂಗಪ್ಪನ ಮೇಲಧಿಕಾರಿ.

"ಇದೇನ್ರೀ ಗುರುಲಿಂಗಪ್ಪ? ಹೆಂಗಸರನ್ನ ಕೂರಿಸಿಕೊಂಡು ಹೋಗೋ ಟ್ರಿಪ್ಪೇನ್ರೀ ಇದು?"

"ಜಾಗ ನೋಡಬೇಕಂತಾಳ್ರಿ."

"ಯಾವ ಜಾಗ?"

"ಅದನ್ನ ಕೇಳಾಕ ಬಂದೀನ್ರಿ ಸಾಹೇಬ್ರ," ಎಂದಳು ಪ್ರೇಮಾಬಾಯಿ. ವೆಂಕಟರಮಣ ಟೋಪಿ ಸರಿಮಾಡಿಕೊಂಡು ಸಾಲಿನ ಮುಂದಕ್ಕೆ ಹೋಗಿ ಕಿಕ್ ಹೊಡೆದ.

ಹಿಂದಿನ ಭಾನುವಾರ ಅವಳು ನಾಸಿಕ್ ರೋಡಿನ ಗುರುಲಿಂಗಪ್ಪನ ಮನೆಗೆ ಬಂದಿದ್ದಳು. ಮೆಟ್ಟಿಲ ಕೆಳಗೇ ನಿಂತಿದ್ದಳು. ಅವನ ಹೆಂಡತಿ ಈರಮ್ಮ ನೀರು ಕೊಟ್ಟಳು, ಬೊಗಸೆಗೆ, ಮೇಲಿನಿಂದ ಸುರಿದು. ಕುಡಿದು ಬಾಯಿ ಒರೆಸಿಕೊಂಡು ಪ್ರೇಮಾಬಾಯಿ ಹೇಳಿದ್ದು ಇಷ್ಟೇ: "ನಿಫಾಡದ ದ್ರಾಕ್ಷಿ ತೋಟದಾಗ ನನಗ ಕಳ್ಳನ ಹೇಂತಿ ಅಂತ ಕರೀತಾರ್ರಿ. ಸಾಲಿನ್ಯಾಗ ಕಡೀಗೆ ನಿಂದ್ರಸ್ತಾರ. ಬುತ್ತಿ ಗಂಟು ಬಿಚ್ಚಿ ನೋಡ್ತಾರ. ನೀವು ನಮ್ಮ ಮನಿಯವರನ್ನ ಕೂಡಿಸಿಕೊಂಡು ಹೋದ ಸೀಟಿನ ಮ್ಯಾಲ ನನ್ನೂ ಕೂಡಿಸ್ರಿ. ಎಲ್ಲಿ ಇಳಿಸಿದ್ರೋ ಅಲ್ಲಿ ಇಳಿಸ್ರಿ. ಅಷ್ಟ ಸಾಕು."

ಅವನು ಆಗಲಿ ಎಂದಿದ್ದ. ಯಾಕೆ ಎಂದನೋ ಅವನಿಗೂ ತಿಳಿಯಲಿಲ್ಲ. ಒಂದು ವರ್ಷದಿಂದ ಆ ಸೀಟಿನ ಮೇಲೆ ಅವನು ಯಾರನ್ನೂ ಕೂರಿಸಿರಲಿಲ್ಲ. ಆದರೂ ತಿರುವುಗಳಲ್ಲಿ ಬುಲೆಟ್ ಇಬ್ಬರನ್ನು ಹೊತ್ತಂತೆ ವಾಲುತ್ತಿತ್ತು. ಹಿಂದಿನ ಶಾಕ್‌ಅಬ್ಸಾರ್ಬರುಗಳನ್ನು ಎರಡು ಸಲ ಬಿಚ್ಚಿಸಿ ನೋಡಿಸಿದ. ಗ್ಯಾರೇಜಿನವರು ಎಲ್ಲ ಸರಿ ಇದೆ ಎಂದರು.

ಅವಳ ಗಂಡ ಹರಿದಾಸ ಬೀದರ್ ಕಡೆಯವನು, ಭಾಲ್ಕಿ ತಾಲೂಕಿನ ಒಂದು ಹೊಲಗೇರಿಯವನು. ನಾಸಿಕ್ ರೋಡಿನ ಹುಣಸೆಮರದ ಕೆಳಗೆ ಪಂಕ್ಚರ್ ತಿದ್ದುತ್ತಿದ್ದ. ಗಾಡಿ ದೂರದಲ್ಲಿ ಬರುವಾಗಲೇ ಸದ್ದು ಕೇಳಿ, ಯಾವ ನಟ್ಟು ಸಡಿಲಾಗಿದೆ ಎಂದು ಹೇಳುತ್ತಿದ್ದ. ಟ್ರಿಪ್ಪಿಗೆ ಅವನು ಬೇಕೇ ಬೇಕು. ಪಾನಾ, ಪ್ಲಗ್ಗು, ಟ್ಯೂಬುಗಳ ಚೀಲ ಅವನ ಹೆಗಲಿಗೆ. ಏಳು ಗಾಡಿ, ಏಳು ಜನ, ಹಿಂದೆ ಕೂರುವವನು ಅವನೊಬ್ಬನೇ. ಯಾರ ಹಿಂದೆ? ಅಲ್ಲೇ ಇತ್ತು ವಿಷಯ. ಮಾಲೇಗಾಂವ್ ತನಕ ಒಬ್ಬನ ಹಿಂದೆ, ಚಾಳೀಸಗಾಂವ್ ತನಕ ಇನ್ನೊಬ್ಬನ ಹಿಂದೆ, ಒಂದು ಊರು ಬರುವ ಮೊದಲು ಮತ್ತೊಬ್ಬನ ಹಿಂದೆ. ಭಾರ ಎಲ್ಲರೂ ಹಂಚಿಕೊಳ್ಳಬೇಕಲ್ಲ ಎನ್ನುತ್ತಿದ್ದರು. ಚಹಾ ಅವನಿಗೆ ಹೊರಗೆ, ಗಾಡಿಗಳ ಹತ್ತಿರ, ಕಿವಿ ಮುರಿದ ಕಪ್ಪಿನಲ್ಲಿ. ಗಾಡಿ ಕಾಯುವವನು ಒಬ್ಬ ಬೇಕಲ್ಲ ಎನ್ನುತ್ತಿದ್ದರು. ಜಾತಿಯನ್ನು ಊರಿನಲ್ಲೇ ಬಿಟ್ಟು ಬಂದಿದ್ದೇವೆ ಎಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೇಜು ಗುದ್ದಿ ಹೇಳುವ ಏಳು ಜನ. ಆ ಜಾತಿಗೇ ಒಂದು ಚೊಕ್ಕ ಕಾರಣ ಹೊಲಿದು ತೊಡಿಸಿ, ಪೆಟ್ರೋಲ್ ಹಾಕಿಸಿ, ಜೊತೆಗೇ ಕರೆದುಕೊಂಡು ತಿರುಗುತ್ತಿದ್ದರು.

ಘಾಟಿನಲ್ಲಿ ಅವರದೊಂದು ನಿಯಮವಿತ್ತು. ಮಂಜು ಕವಿದಾಗ ಪ್ರತಿ ತಿರುವಿನಲ್ಲೂ ಮುಂದಿನವನು ನಿಂತು ತನ್ನ ಹಿಂದಿನವನ ಹೆಸರು ಕೂಗಬೇಕು. "ಓ" ಎಂಬ ಉತ್ತರ ಬಂದ ಮೇಲೆಯೇ ಗಾಡಿ ಮುಂದೆ ಬಿಡಬೇಕು. ವೆಂಕಟರಮಣ ರತ್ನಾಕರನನ್ನು ಕೂಗುವನು, ರತ್ನಾಕರ ಗೋಪಾಲನನ್ನು, ಹೀಗೆ ಒಬ್ಬರಿಂದೊಬ್ಬರಿಗೆ ಇಳಿದು ಕೊನೆಗೆ ಚಿದಂಬರ ಗುರುಲಿಂಗಪ್ಪನನ್ನು ಕೂಗುವನು. ಬಾಲದಲ್ಲಿರುವ ಗುರುಲಿಂಗಪ್ಪ ಓ ಎಂದರೆ ಎಲ್ಲರೂ ಬಂದಂತೆ. ಒಂದು ತಿರುವು ಬಹಳ ಕಡಿದು. ಅಲ್ಲಿ ಸಣ್ಣ ಗಾಡಿಗಳು ಇಬ್ಬರನ್ನು ಎಳೆಯುತ್ತಿರಲಿಲ್ಲ. ಹಿಂದೆ ಕೂತವನು ಇಳಿದು ಕಾಲುದಾರಿಯಲ್ಲಿ ಹತ್ತಿ, ಮೇಲೆ ಸಿಕ್ಕ ಗಾಡಿ ಏರಬೇಕು. ಹೆಸರು ಕೂಗುವ ಸಾಲಿನಲ್ಲಿ ಗಾಡಿಯವರ ಹೆಸರಿತ್ತೇ ಹೊರತು ಹರಿದಾಸನ ಹೆಸರಿರಲಿಲ್ಲ.

ಕಳೆದ ವರ್ಷ ಅವನು ಆ ತಿರುವಿನಲ್ಲಿ ಇಳಿದ. ಏಳು ಗಾಡಿಗಳೂ ಮೇಲೆ ಹೋದವು. ಹಿಂದಿನವರ ಗಾಡಿ ಏರಿರಬೇಕೆಂದು ಮುಂದಿನವರೂ, ಮುಂದಿನವರ ಗಾಡಿ ಏರಿರಬೇಕೆಂದು ಹಿಂದಿನವರೂ ತಿಳಿದರು. ಮೇಲೆ ಕನ್ನಡ ಎಂಬ ಊರಿನಲ್ಲಿ ರೇವಣಪ್ಪನ ಖಾನಾವಳಿ; ಅಲ್ಲಿ ಒಳಗೆ ಕೂತು ರೊಟ್ಟಿ ತಿಂದರು. ಅವನು ಹೊರಗಿದ್ದಾನೆಂದುಕೊಂಡರು. ಯಾವಾಗಲೂ ಹೊರಗೇ ಇರುವವನಲ್ಲವೆ. ವೇರೂಳದ ದಾರಿಯಲ್ಲಿ ಚಿದಂಬರನ ಗಾಡಿ ಕೆಮ್ಮಿ ನಿಂತಾಗ, ಪ್ಲಗ್ಗು ತೆಗೆಯಲು "ಹರಿದಾಸಾ" ಎಂದು ಕೂಗಿದ. ಆಗ ಏಳು ಜನ ಒಬ್ಬರ ಸೀಟನ್ನೊಬ್ಬರು ನೋಡಿದರು.

"ಯಾವುದಾದ್ರೂ ಲಾರಿ ಹತ್ಕೊಂಡು ವಾಪಸ್ ಹೋಗಿರ್ತಾನೆ, ಬಿಡ್ರೀ," ಎಂದಿದ್ದ ವೆಂಕಟರಮಣ. ತಿರುಗಿ ಹೋಗಿ ನೋಡಿದ್ದರೆ ಘಾಟು ಒಂದೇ ತಾಸಿನ ದಾರಿ. ಅವರು ಗುಹೆಗಳನ್ನು ನೋಡಿದರು. ಮರುದಿನ ವೈಜಾಪುರ, ಯೇವಲೆ ಮೇಲಿನ ಬಯಲು ದಾರಿಯಲ್ಲಿ ನಾಸಿಕಕ್ಕೆ ಮರಳಿದರು. ಮೂರನೆಯ ದಿನ ರಸ್ತೆ ಗ್ಯಾಂಗಿನವರಿಗೆ ಕಣಿವೆಯಲ್ಲಿ ಹೆಣ ಸಿಕ್ಕಿತು. ಮಳೆಗೆ ಕಾಲುದಾರಿ ಜಾರಿತ್ತು. ಹೆಗಲಲ್ಲಿ ಚೀಲ ಹಾಗೇ ಇತ್ತು.

ವೆಂಕಟರಮಣ ಪೊಲೀಸರಿಗೆ ಕೊಡಲು ಒಂದು ಹೇಳಿಕೆ ಟೈಪ್ ಮಾಡಿಸಿದ. ಹರಿದಾಸ ನಮ್ಮೊಂದಿಗೆ ಬಂದಿರಲಿಲ್ಲ. ಹಿಂದಿನ ದಿನ ನಮ್ಮ ಸಾಮಾನಿನ ಚೀಲ ಕಳವಾಗಿತ್ತು. ಅವನು ಘಾಟಿಗೆ ಹೇಗೆ ಹೋದನೆಂದು ನಮಗೆ ತಿಳಿಯದು. ಕೆಳಗೆ ಏಳು ಸಹಿ. ಏಳನೆಯದು ಗುರುಲಿಂಗಪ್ಪನದು.

ಚಾಳೀಸಗಾಂವಿನಲ್ಲಿ ಚಹಾಕ್ಕೆ ನಿಂತಾಗ ಪ್ರೇಮಾಬಾಯಿ ಇಳಿಯಲಿಲ್ಲ. ಗುರುಲಿಂಗಪ್ಪ ಗ್ಲಾಸು ತಂದು ಕೊಟ್ಟ. ಅವಳು ಗ್ಲಾಸನ್ನು ತಿರುಗಿಸಿ ನೋಡಿ, ಕುಡಿದಳು.

ಘಾಟು ಶುರುವಾದೊಡನೆ ಮಂಜು ಇಳಿಯಿತು. ಮುಂದಿನ ಗಾಡಿಯ ಕೆಂಪು ದೀಪ ಒಮ್ಮೆ ಕಂಡು ಒಮ್ಮೆ ಅಳಿಸಿಹೋಗುತ್ತಿತ್ತು. ಬಂಡೆಗಳಿಂದ ಸುರಿಯುವ ನೀರಿನ ಸದ್ದು, ಎಂಜಿನ್ನುಗಳ ದುಗುದುಗು, ನಡುವೆ ಮೇಲಿನಿಂದ ಇಳಿದು ಬರುವ ಹೆಸರುಗಳು. ರತ್ನಾಕರಾ. ಓ. ಗೋಪಾಲಾ. ಓ. ಕೊನೆಗೆ ಚಿದಂಬರನ ದನಿ, "ಗುರುಲಿಂಗಪ್ಪಾ," ಎಂದು. ಅವನು ಓ ಎನ್ನುತ್ತಿದ್ದ. ಆಮೇಲೆ ಅವನಿಗೆ ಕೂಗಲು ಯಾರೂ ಇರುತ್ತಿರಲಿಲ್ಲ. ಹಿಂದೆ ಬರೀ ಬಿಳುಪು. ಆ ಬಿಳುಪಿನೊಳಗೆ ಯಾರೋ ತನ್ನ ಸರದಿಗೆ ಕಾಯುತ್ತಿರುವಂತೆ ಅವನ ಬೆನ್ನು ಜುಮ್ಮೆನ್ನುತ್ತಿತ್ತು.

ಕಡಿದಾದ ತಿರುವು ಬಂತು. ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದ.

"ಇಲ್ಲಿ," ಎಂದ.

ಪ್ರೇಮಾಬಾಯಿ ಇಳಿದಳು. ಕಲ್ಲಿನ ಮೋಟುಗೋಡೆ ಮುಟ್ಟಿ ನೋಡಿದಳು. ಕಾಲುದಾರಿ ಇದ್ದ ಕಡೆ ಕೆಂಪು ಮಣ್ಣು ಕುಸಿದ ಗುರುತು, ಅದರ ಮೇಲೆ ಹೊಸ ಹುಲ್ಲು. ಕೆಳಗೆ ಏನೂ ಕಾಣುತ್ತಿರಲಿಲ್ಲ.

"ಗುರುಲಿಂಗಪ್ಪಾ," ಎಂದು ಮೇಲಿನಿಂದ ಚಿದಂಬರ ಕೂಗಿದ.

ಗುರುಲಿಂಗಪ್ಪ ಬುಲೆಟ್ಟನ್ನು ಸ್ಟ್ಯಾಂಡಿಗೆ ಹಾಕಿದ.

"ಓ ಅನ್ರಿ. ಕರ್ಯಾಕತ್ತಾರ," ಎಂದಳು. ಅವನು ಅನ್ನಲಿಲ್ಲ. ಅವಳು ಗೋಡೆಯ ಮೇಲೆ ಕೂತಳು. "ಅವತ್ತು ನಮ್ಮವರೂ ಕೂಗ್ಯಾರಂತ್ರಿ. ಗ್ಯಾಂಗಿನ ಹೆಣ್ಮಗಳು ಹೇಳಿದ್ಳು. ದೀಪ ಹಚ್ಚೂ ಹೊತ್ತಿನ ತನಕ ಕೂಗ್ಯಾರ. ಏಳೂ ಮಂದಿ ಹೆಸರು, ಒಂದಾದ ಮ್ಯಾಲೊಂದು, ಸಾಲಿಗೆ. ಫಟಫಟಿಯವರು ಮಂಜಿನಾಗ ಹಂಗ ಕೂಗ್ತಾರಂತ ಆ ಮಂದಿಗೆ ಗೊತ್ತಿತ್ತಲ್ರಿ. ಅದಕ ಯಾರೂ ಕೆಳಗ ಬಗ್ಗಿ ನೋಡಿಲ್ಲ."

ಗುರುಲಿಂಗಪ್ಪ ಕುಸಿದ ಮಣ್ಣಿನ ಕಡೆ ತಿರುಗಿದ. "ಕಡೀ ಹೆಸರು ಯಾರದಂತ?"

"ನಿಮ್ದ."

ಮಂಜು ಅವರಿಬ್ಬರ ನಡುವೆ ಹಾದುಹೋಯಿತು. ಅವನು ಮಾತಾಡಿದ, ಅವಳಿಗಲ್ಲ, ಬುಲೆಟ್ಟಿನ ಟ್ಯಾಂಕಿಗೆ ಎಂಬಂತೆ.

"ನನ್ನ ಗಾಡಿ ಇಬ್ಬರನ್ನ ಎಳೀತದ. ಇಲ್ಲೀತನಕ ಎಳಕೊಂಡು ಬಂದದಲ್ಲ ನಿನ್ನ, ಮ್ಯಾಲಕ್ಕೂ ಎಳೀತದ. ಅವತ್ತು ಹರಿದಾಸ ನನ್ನ ಹಿಂದ ಇದ್ದ. ಇಳಿಸೂ ಕೆಲಸ ಇರಲಿಲ್ಲ. 'ಕೂಡ್ತೀನ್ರೆಣ್ಣಾ, ಮಳಿ ಭಾಳ ಅದ, ದಾರಿ ಜಾರ್ತದ' ಅಂದ. ನಾನ ಇಳಿ ಅಂದೆ."

"ಯಾಕ್ರಿ?"

"ಖಾನಾವಳಿ ರೇವಣಪ್ಪ ನಮ್ಮ ಮಂದಿ. ನನ್ನ ತಂಗಿ ಊರ್ಮಿಳಾನ್ನ ಅವರ ಮನಿಗೆ ಕೊಡೂ ಮಾತು ನಡದಿತ್ತು. ಅವರ ಬಾಗಿಲಿಗೆ... ಇವನ್ನ ಬೆನ್ನಿಗೆ ಹಚ್ಚಿಕೊಂಡು ಹೋಗಿ ನಿಂದ್ರಬಾರದು ಅನಿಸ್ತು. ಚಿದಂಬರನ ಗಾಡಿ ಹತ್ತತಾನಂತ ಮಾಡಿದೆ."

ಅವಳು ಅಳಲಿಲ್ಲ. ಮೊಣಕಾಲ ಮೇಲೆ ಕೈಯಿಟ್ಟು ಎದ್ದಳು. "ಕೆಳಗ ಪೊಲೀಸ್ ಚೌಕಿ ಅದಲ್ರಿ. ಅಲ್ಲಿ ಇದನ್ನ ಹೇಳ್ರಿ."

"ಚೀಲ ಕದ್ದಿಲ್ಲಂತ ಹೇಳ್ತೀನಿ. ನಾವ ಕರಕೊಂಡು ಬಂದಿದ್ವಿ ಅಂತ ಹೇಳ್ತೀನಿ."

"ಅದೂ ಹೇಳ್ರಿ, ಇದೂ ಹೇಳ್ರಿ. ಬುಲೆಟ್ಟಿನವ ನಡು ಘಾಟಿನ್ಯಾಗ ಮನಷ್ಯಾನ್ನ ಯಾಕ ಇಳಿಸ್ತಾನ ಅಂತ ಕೇಳಿದ್ರ ಏನಂತೀರಿ? ಕಾರಣ ಹೇಳದಿದ್ರ ಯಾರು ನಂಬ್ತಾರ?"

ಮೇಲಿನಿಂದ ಎರಡು ಹೆಡ್‌ಲೈಟು ಇಳಿದು ಬಂದವು. ಉತ್ತರ ಬರದಿದ್ದರೆ ತಿರುಗಿ ಬರಬೇಕೆಂಬುದೂ ನಿಯಮದಲ್ಲಿತ್ತು. ಚಿದಂಬರ ಮುಂದೆ, ವೆಂಕಟರಮಣ ಹಿಂದೆ.

"ಜೀವ ಹೋಗಿತ್ತಲ್ಲೋ ನಮ್ದು. ಓ ಅನ್ನಾಕ ಏನಾಗಿತ್ತು?" ಎಂದ ಚಿದಂಬರ.

"ಕೆಳಗ ಚೌಕಿಗೆ ಹೊಂಟೀವಿ," ಎಂದ ಗುರುಲಿಂಗಪ್ಪ.

ವೆಂಕಟರಮಣ ಗಾಡಿಯಿಂದ ಇಳಿಯದೆಯೇ ಮಾತಾಡಿದ. ದನಿ ಏರಿಸಲಿಲ್ಲ. "ಆ ಕಾಗದದಲ್ಲಿ ನಿಮ್ಮ ಸಹೀನೂ ಇದೆ, ನೆನಪಿರಲಿ. ಸುಳ್ಳು ಬರೆದುಕೊಟ್ಟೆ ಅಂತ ಮೊದಲು ಒಳಗೆ ಹೋಗೋರು ನೀವೇ. ನಿಮ್ಮ ಚಾರ್ಜ್‌ಹ್ಯಾಂಡ್ ಪ್ರಮೋಷನ್ ಕಾಗದ ಮುಂದಿನ ತಿಂಗಳು ನನ್ನ ಟೇಬಲ್ಲಿಗೇ ಬರೋದು. ಸತ್ತೋನು ಸತ್ತ. ಈಗ ಬದುಕಿರೋರನ್ನ ಯಾಕ್ರೀ ಹಾಳು ಮಾಡ್ತೀರಿ?"

"ಸಾಹೇಬ್ರ," ಎಂದಳು ಪ್ರೇಮಾಬಾಯಿ, "ಇವರು ಓ ಅನ್ನಲಿಲ್ಲಂತ ಹುಡುಕಿಕೊಂಡು ಬಂದ್ರಲ್ರಿ. ಎಷ್ಟೊತ್ತು ಹಿಡೀತ್ರಿ ಬರಾಕ? ಐದು ಮಿನಿಟು ಆಗಿರಬೇಕಲ್ರಿ?"

ವೆಂಕಟರಮಣನ ಕಣ್ಣು ಕೈಗಡಿಯಾರಕ್ಕೆ ಹೋಯಿತು. ಚಿದಂಬರ ತನ್ನ ಗಾಡಿಯ ಹ್ಯಾಂಡಲ್ ತಿರುಗಿಸಿ, ದಾರಿಗೆ ಅಡ್ಡವಾಗಿದ್ದ ಮುಂದಿನ ಚಕ್ರವನ್ನು ಪಕ್ಕಕ್ಕೆ ಎಳೆದುಕೊಂಡ. ಬುಲೆಟ್ ಹೊರಳುವಷ್ಟು ಜಾಗವಾಯಿತು.

ಚೌಕಿಯ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ವಯಸ್ಸಾದ ಜಮಾದಾರನೊಬ್ಬ ಬಾವುಟ ಹಾರಿಸಿ ಬಂದು ಒದ್ದೆ ಟೋಪಿ ಕಳಚಿಟ್ಟು ಕೂತಿದ್ದ. ಗುರುಲಿಂಗಪ್ಪ ಹೇಳುವುದನ್ನು ಮೊದಲು ಅರ್ಧ ಕಿವಿಯಲ್ಲಿ ಕೇಳಿದ, ಆಮೇಲೆ ಕಪಾಟಿನಿಂದ ಹಳೆಯ ಕಟ್ಟು ತೆಗೆದು ಆ ಟೈಪಾದ ಹಾಳೆ ಹುಡುಕಿ ಮುಂದಿಟ್ಟುಕೊಂಡ.

"ಅವತ್ತು ಎಷ್ಟು ಜನ?" ಮರಾಠಿಯಲ್ಲಿ ಕೇಳಿದ.

"ಎಂಟು."

"ಇಲ್ಲಿ ಏಳು ಹೆಸರಿದೆ."

"ಎಂಟನೆಯವನು ಹರಿದಾಸ. ನನ್ನ ಗಾಡಿಯ ಹಿಂದೆ ಕೂತಿದ್ದ. ಚೀಲ ನಾವೇ ಅವನ ಹೆಗಲಿಗೆ ಹಾಕಿದ್ದು. ನಾನೇ ತಿರುವಿನಲ್ಲಿ ಇಳಿಸಿದೆ."

ಜಮಾದಾರ ಹೊಸ ಹಾಳೆ ತೆಗೆದು, ಮೇಲೆ ತಾರೀಖು ಹಾಕಿ, ಅಷ್ಟನ್ನೂ ಬರೆದ. ನಿಬ್ಬು ಹಾಳೆಯ ಮೇಲೆ ಕರಕರ ಎನ್ನುತ್ತಿತ್ತು. "ಕಾ ಉತರವ್ಲಾ?" ಎಂದ. ಯಾಕೆ ಇಳಿಸಿದೆ?

ಗುರುಲಿಂಗಪ್ಪ ಹೇಳಿದ. ಮರಾಠಿಯಲ್ಲಿ ಆ ಮಾತು ಇನ್ನೂ ಚಿಕ್ಕದಾಗಿ, ಇನ್ನೂ ಬೆತ್ತಲಾಗಿ ಬಂತು.

ಪೆನ್ನು ನಿಂತಿತು. ಜಮಾದಾರ ಪ್ರೇಮಾಬಾಯಿಯನ್ನು ನೋಡಿದ, ಗುರುಲಿಂಗಪ್ಪನ ಕೊರಳಿನ ಲಿಂಗದ ದಾರವನ್ನು ನೋಡಿದ. "ರಸ್ತೆ ಕಡಿದು ಇತ್ತು, ಗಾಡಿ ಎಳೆಯಲಿಲ್ಲ ಅಂತ ಬರೀತೀನಿ," ಎಂದು ಮೆಲ್ಲಗೆ ಹೇಳಿದ. "ಕೆಲಸಕ್ಕೆ ಅಷ್ಟು ಸಾಕು. ನಿಮಗೂ ಮನೆ ಮಠ ಅಂತ ಇದೆಯಲ್ಲ."

"ನಾನು ಹೇಳಿದ್ದನ್ನೇ ಬರೀರಿ."

"ಪೂರ್ತಿ?"

"ಪೂರ್ತಿ."

ಅಷ್ಟರಲ್ಲಿ ನಿಬ್ಬು ಒಣಗಿತ್ತು. ಜಮಾದಾರ ಪೆನ್ನನ್ನು ನೆಲದ ಕಡೆ ಒಮ್ಮೆ ಝಾಡಿಸಿದ. ಹಸಿ ಫರಸಿಯ ಮೇಲೆ ಎರಡು ನೀಲಿ ಹನಿ ಬಿದ್ದು ಹರಡಿಕೊಂಡವು. ಮತ್ತೆ ಬರೆಯತೊಡಗಿದ. ಓದಲು ಬಾರದ ಪ್ರೇಮಾಬಾಯಿ ಮೇಜಿನ ಅಂಚು ಹಿಡಿದು ಬಗ್ಗಿ, ಅಕ್ಷರಗಳು ಒಂದರ ಪಕ್ಕ ಒಂದು ಬಂದು ಕೂರುವುದನ್ನು ನೋಡುತ್ತ ನಿಂತಳು.