ಐದು ಗೆರೆಯ ಕೋಲು

ರಾತ್ರಿ ಹನ್ನೊಂದು ದಾಟಿರಬೇಕು. ಬೀದಿಯಲ್ಲಿ ಯಾರೂ ಇರಲಿಲ್ಲ. ಆಗ 'ಟಿಕ್' ಎಂದು ಒಂದು ಸಣ್ಣ ಸದ್ದಾಯಿತು. ಚನ್ನಪಟ್ಟಣದ ಒಂದು ಓಣಿಯಲ್ಲಿ, ಮುನೀರ್ ಸಾಬರ ಮರ ಕಡೆಯುವ ಲೇತಿನಿಂದ ನಾನು ಕಳಚಿ ಅವರ ಅಂಗೈಗೆ ಬಿದ್ದ ಸದ್ದು ಅದು. ಹಗಲೆಲ್ಲ ಕರೆಂಟು ಇರಲಿಲ್ಲವಾದ್ದರಿಂದ ನನ್ನ ಹುಟ್ಟು ರಾತ್ರಿಗೆ ಬಿತ್ತು.

ನಾನು ಒಂದು ಕೋಲು. ಆಲೆ ಮರದವನು, ಕಿರುಬೆರಳಿನಷ್ಟು ದಪ್ಪ. ಸಾಬರು ಒಂದು ಕಣ್ಣು ಮುಚ್ಚಿ ನನ್ನ ಉದ್ದಕ್ಕೂ ನೋಡಿ, "ನೆಟ್ಟಗೈತೆ" ಎಂದರು. ಆ ಮಾತನ್ನು ನಾನು ತುಂಬ ಮನಸ್ಸಿಗೆ ಹಚ್ಚಿಕೊಂಡೆ. ಅಂದಿನಿಂದ ನನಗೆ ಒಂದೇ ಭಯ, ಎಲ್ಲಿ ಬಾಗಿಬಿಡುತ್ತೇನೋ ಎಂದು.

ಮೈಗೆ ಕೆಂಪು ಅರಗು ಹಚ್ಚಿಸಿಕೊಂಡು ಬೆಂಗಳೂರಿಗೆ ಹೋದೆ. ಅಲ್ಲಿ ನನ್ನನ್ನು ಒಂದು ದೊಡ್ಡ ನಕ್ಷತ್ರಪಟದ ಕೆಳಅಂಚಿಗೆ ಹೊಲಿದರು. ಪಟ ಸುರುಳಿಯಾಗದಂತೆ ಎಳೆದು ಹಿಡಿಯುವುದು ನನ್ನ ಕೆಲಸ. ಆ ಪಟದೊಂದಿಗೆ ನಾನು ಲಡಾಖಿಗೆ ಬಂದೆ. ಅಲ್ಲೊಂದು ಬೋಳುಬೆಟ್ಟ, ಬೆಟ್ಟದ ತುದಿಯಲ್ಲಿ ದೂರದರ್ಶಕ, ಬುಡದಲ್ಲಿ ಅದನ್ನು ನೋಡಿಕೊಳ್ಳುವವರ ನಾಲ್ಕು ಮನೆ. ಆ ಕೇಂದ್ರವು ಬೆಂಗಳೂರಿನ ಒಂದು ಸಂಸ್ಥೆಯದಾದ್ದರಿಂದ ಆ ಚಳಿಯಲ್ಲೂ ಕನ್ನಡ ಕೇಳಿಸುತ್ತಿತ್ತು. ಊಟದ ಕೋಣೆಯ ಗೋಡೆಯಲ್ಲಿ ಆರು ವರ್ಷ ನೆಮ್ಮದಿಯಾಗಿ ನೇತಾಡಿದೆ. ಏಳನೆಯ ವರ್ಷ, ಕೋಣೆ ಬೆಚ್ಚಗಿಡುವ ಸೌದೆ ಒಲೆಯ ಹೊಗೆಕೊಳವೆ ಸೋರಿ ಪಟ ಕಪ್ಪಾಗಿ ಕೊಳೆಯಾಯಿತು.

ಅಡುಗೆಯ ಮಾಯಿಗೌಡ, ಮದ್ದೂರಿನ ಕಡೆಯವನು, ಪಟವನ್ನು ಒಲೆಗೆ ಹಾಕುವ ಮುಂಚೆ ನನ್ನನ್ನು ಕಿತ್ತುಕೊಂಡ. "ಏ ನುರ್ಬು, ನಿನ್ನ ಟ್ರ್ಯಾಕ್ಟ್ರಿಗೆ ಮುಳ್ಳು ಕೆಟ್ಟೋಗದೆ ಅಂತಿದ್ಯಲ್ಲ, ತಗ, ಇದು ಮುಳ್ಳಿಗಿಂತ ನೆಟ್ಟಗದೆ" ಎಂದ.

ಟ್ರ್ಯಾಕ್ಟರೆಂದರೆ ಗದ್ದೆ ಉಳುವ ದೊಡ್ಡದಲ್ಲ. ಎತ್ತಿನಷ್ಟೇ ಎತ್ತರದ ಪುಟ್ಟ ಡೀಸೆಲ್ ಟ್ರ್ಯಾಕ್ಟರು. ಡೀಸೆಲ್ ಎಷ್ಟಿದೆ ಎಂದು ತೋರಿಸುವ ಅದರ ಮುಳ್ಳು ಚಳಿಗೆ ಸತ್ತಿತ್ತು. ಮಾಯಿಗೌಡ ಖಾಲಿ ಟ್ಯಾಂಕಿಗೆ ಐದು ಲೀಟರ್ ಸುರಿದು ನನ್ನನ್ನು ಇಳಿಸಿದ, ಒದ್ದೆಯಾದ ಜಾಗದಲ್ಲಿ ಚಾಕುವಿನಿಂದ ಗೆರೆ ಕೊರೆದ. ಮತ್ತೆ ಐದು ಲೀಟರ್, ಮತ್ತೊಂದು ಗೆರೆ. ಇಪ್ಪತ್ತೈದು ಲೀಟರಿಗೆ ಐದು ಗೆರೆ. ನುಣುಪು ಮೈಯಲ್ಲಿ ಎಣ್ಣೆಯ ಗುರುತು ನಿಲ್ಲುವುದಿಲ್ಲವೆಂದು ಅರಗನ್ನೆಲ್ಲ ಕೆರೆದು ತೆಗೆದ. ನೋವೇನೂ ಆಗಲಿಲ್ಲ, ಆದರೆ ಬಣ್ಣ ಹೋದದ್ದಕ್ಕೆ ಎರಡು ದಿನ ಸಂಕೋಚವಾಯಿತು.

ಟ್ರ್ಯಾಕ್ಟರು ಓಡಿಸುವ ನುರ್ಬು ಆ ಕಣಿವೆಯವನೇ, ಐವತ್ತು ದಾಟಿದವನು. ಮಾಯಿಗೌಡನ ಜೊತೆ ವರ್ಷಗಟ್ಟಲೆ ಉಂಡು ಮದ್ದೂರಿನ ಕನ್ನಡವನ್ನೇ ಕಲಿತಿದ್ದ. ಬೆಂಗಳೂರಿನ ವಿಜ್ಞಾನಿಗಳು ಬಂದರೆ ಅವನ ಮಾತು ಕೇಳಿ ಬೆರಗಾಗುತ್ತಿದ್ದರು. ಅವನದು ವರ್ಷದಿಂದ ವರ್ಷಕ್ಕೆ ಮುಂದುವರಿಸುವ ಗುತ್ತಿಗೆಯ ಕೆಲಸ. ಮೇಲ್ವಿಚಾರಕರು ಒಂದು ಮಾತು ಬರೆದರೆ ಉಳಿಯುತ್ತದೆ, ಇನ್ನೊಂದು ಮಾತು ಬರೆದರೆ ಹೋಗುತ್ತದೆ. ಚಳಿಗಾಲದಲ್ಲಿ ಆ ಕಣಿವೆಯಲ್ಲಿ ಬೇರೆ ದುಡಿಮೆಯಿಲ್ಲ.

ಅಂಥ ಮೇಲ್ವಿಚಾರಕರಾಗಿ ಬಂದವರು ಮೈಸೂರಿನ ವಾರಿಜಾ ಮೇಡಂ. ಬಾಗಿಲು ಹಾಕಿ ಹತ್ತು ಹೆಜ್ಜೆ ಹೋಗಿ ಮತ್ತೆ ಬಂದು ಚಿಲಕ ಎಳೆದು ನೋಡುವವರು. ಅವರ ಕೈಗೆ ಸಿಕ್ಕ ದಿನವೇ ನಾನು ಅವರನ್ನು ಅರ್ಥ ಮಾಡಿಕೊಂಡೆ. ಒಮ್ಮೆ ಅಳೆದರೆ ಸಾಲದು, ಒರೆಸಿ ಇನ್ನೊಮ್ಮೆ ಅಳೆಯುತ್ತಿದ್ದರು. ನವೆಂಬರಿನಲ್ಲಿ ಕಣಿವೆಯ ದಾರಿ ಮುಚ್ಚಿದರೆ ತೆರೆಯುವುದು ಏಪ್ರಿಲಿನಲ್ಲಿ. ಅಲ್ಲಿಯವರೆಗೆ ಇರುವಷ್ಟೇ ಪೀಪಾಯಿಗಳಲ್ಲಿ ಟ್ರ್ಯಾಕ್ಟರು ಓಡಬೇಕು, ಜನರೇಟರೂ ನಡೆಯಬೇಕು. ಹಾಗಾಗಿ ಸಂಜೆಯ ಅಳತೆಯನ್ನು ಅವರು ತಾವೇ ವಹಿಸಿಕೊಂಡರು. ಬೆಳಗಿನದು ನುರ್ಬುವಿನದು.

ಹಿಮ ಬೀಳುವ ಮುಂಚಿನ ದಿನಗಳಲ್ಲಿ ನಮಗೆ ಚಿಲ್ಲರೆ ಕೆಲಸ. ತೊರೆಯಿಂದ ನೀರಿನ ಡ್ರಮ್ಮು ತರುವುದು, ಗ್ಯಾಸ್ ಸಿಲಿಂಡರು ಸಾಗಿಸುವುದು, ಕಸ ಒಯ್ಯುವುದು. ಗಂಟೆಗೆ ಒಂದೂವರೆ ಲೀಟರಿಗೆ ಟ್ರ್ಯಾಕ್ಟರು ಗೊಣಗದೆ ನಡೆಯುತ್ತಿತ್ತು. ಡಿಸೆಂಬರಿನಲ್ಲಿ ಹಿಮ ಇಳಿಯಿತು. ಮೂತಿಗೆ ಅಗಲವಾದ ತಗಡಿನ ಹಲಗೆ ಕಟ್ಟಿ ಬೆಟ್ಟದ ದಾರಿಯನ್ನು ದಿನವೂ ಎರಡು ಗಂಟೆ ತಳ್ಳಬೇಕಾಯಿತು. ತಳ್ಳುವಾಗ ಅದು ಏದುಸಿರು ಬಿಡುವುದನ್ನು ಸೀಟಿನ ಹಿಂದೆ ಕುಳಿತು ನಾನು ಕೇಳುತ್ತಿದ್ದೆ. ಇಷ್ಟು ಏದಿದರೆ ಖರ್ಚು ಹೆಚ್ಚಾಗಲೇಬೇಕು ಎಂದುಕೊಳ್ಳುತ್ತಿದ್ದೆ.

ಸಂಜೆ ನನ್ನನ್ನು ಇಳಿಸಿದರೆ ಖರ್ಚು ಅಷ್ಟೇನೂ ಹೆಚ್ಚಿರಲಿಲ್ಲ. ಎರಡು ಗಂಟೆಗೆ ಮೂರೂವರೆ ಲೀಟರು. ವಾರಿಜಾ ಮೇಡಂ ಖುಷಿಯಾಗಿ ಬೆಂಗಳೂರಿಗೆ ಬರೆದರು. ಹಿಮ ತಳ್ಳುವುದಕ್ಕೂ ನೀರು ತರುವುದಕ್ಕೂ ಹೆಚ್ಚುಕಡಿಮೆ ಒಂದೇ ಡೀಸೆಲ್ ಎಂದು. ಅಲ್ಲಿಂದ ಮೆಚ್ಚುಗೆಯೂ ಬಂತು.

ಆದರೆ ಬೆಳಿಗ್ಗೆ ನುರ್ಬು ಅಳೆದರೆ ಅರ್ಧ ಗೆರೆ ಕಡಿಮೆ. ಎರಡೂವರೆ ಲೀಟರು. ಅವನು ಅದನ್ನು ಮುಚ್ಚಿಡಲಿಲ್ಲ, ಅಡುಗೆಮನೆಯ ಬಾಗಿಲಿನಿಂದಲೇ ಕೂಗಿ ಹೇಳುತ್ತಿದ್ದ. ಒಂದು ದಿನವಾದರೆ ಕಣ್ತಪ್ಪು. ಹಿಮದಲ್ಲಿ ದುಡಿದ ಪ್ರತಿ ದಿನದ ಮರುಬೆಳಿಗ್ಗೆಯೂ ಹೀಗೇ ಆಯಿತು. ಟ್ಯಾಂಕಿನ ಕೆಳಗೆ ಒಂದು ತೊಟ್ಟು ಸೋರಿಕೆಯಿರಲಿಲ್ಲ.

"ಮೇಡಂ, ನಾನು ಹೇಳ್ದೆ ಅಂತ ಹೇಳ್ಬೇಡಿ" ಎಂದು ಮಾಯಿಗೌಡ ರೊಟ್ಟಿ ತಟ್ಟುತ್ತ ಹೇಳಿದ. "ರಾತ್ರಿ ಹೊತ್ತು ಟ್ರ್ಯಾಕ್ಟ್ರು ಡೀಸೆಲ್ ಕುಡಿಯಾಕಿಲ್ಲ. ಮನುಸ್ರು ಕುಡಿಸ್ಕತಾರೆ."

"ಯಾರನ್ನು ಅಂತೀರಿ?"

"ನಾನ್ಯಾಕೆ ಅನ್ಲಿ? ಇಲ್ಲಿರೋರು ಮೂರು ಜನ. ನಂಗೆ ಒಲೆ ಗ್ಯಾಸಿಂದು. ನಿಮ್ಗೆ ಊರೇ ಇಲ್ಲಿಲ್ಲ."

ಆ ಮಾತಿನ ಮೇಲೆ ವಾರಿಜಾ ಮೇಡಂ ಊಟ ಸರಿಯಾಗಿ ಮಾಡಲಿಲ್ಲ. ನುರ್ಬುವಿನ ಊರು ಕೂಗಳತೆಯಲ್ಲಿತ್ತು. ಅಲ್ಲಿ ಎಲ್ಲರ ಮನೆಯಲ್ಲೂ ಡೀಸೆಲ್ಲಿಗೆ ಬೇಡಿಕೆ. ಅಂದಿನಿಂದ ಅವರು ನನ್ನನ್ನು ಟ್ರ್ಯಾಕ್ಟರಿನಲ್ಲಿ ಬಿಡದೆ ಕೋಣೆಗೆ ಒಯ್ದು ಬೆಳಿಗ್ಗೆ ಹೊರಗೆ ಕೊಡತೊಡಗಿದರು. ನುರ್ಬು ದಿನವೂ ಕೈಚಾಚಿ ತೆಗೆದುಕೊಂಡು ಅಳೆಯುತ್ತಿದ್ದ. ಆದರೂ ಅರ್ಧ ಗೆರೆಯ ಕೊರತೆ ನಿಲ್ಲಲಿಲ್ಲ.

ಸಂಜೆ ಒಂದು ಹೇಳಿ ಬೆಳಿಗ್ಗೆ ಇನ್ನೊಂದು ಹೇಳುವ ಕೋಲು ನೆಟ್ಟಗಿದೆ ಎಂದು ಹೇಗೆ ನಂಬುವುದು? ಬಾಗಿದ್ದೇನೆಯೇ ಎಂದು ನನ್ನನ್ನೇ ನೋಡಿಕೊಳ್ಳಲು ನನಗೆ ಕನ್ನಡಿಯೂ ಇಲ್ಲ.

ಜನವರಿಯ ಕೊನೆಯಲ್ಲಿ ಒಂದು ಸಂಜೆ ಅವರು ಪತ್ರ ಬರೆದರು. ನನ್ನನ್ನು ಮೇಜಿನ ಮೇಲೆ ಇಟ್ಟುಕೊಂಡು, ಕಂಪ್ಯೂಟರಿನಲ್ಲಿ ಒಂದೊಂದು ವಾಕ್ಯವನ್ನೂ ಸಣ್ಣಗೆ ಓದಿಕೊಳ್ಳುತ್ತ. 'ರಾತ್ರಿ ವೇಳೆ ಡೀಸೆಲ್ ಕಡಿಮೆಯಾಗುತ್ತಿದೆ. ಚಾಲಕರ ಮೇಲೆ ಸಂಶಯವಿದೆ. ಗುತ್ತಿಗೆ ಮುಂದುವರಿಸದಿರುವುದು ಒಳಿತು.' ಸಂಶಯ ಎಂಬ ಪದವನ್ನು ಮೂರು ಸಲ ಅಳಿಸಿ ಮೂರು ಸಲ ಬರೆದರು. ಕೊನೆಗೆ ಕಳಿಸಲು ಒತ್ತಿದರು. ಆದರೆ ಮೂರು ದಿನದ ಹಿಮಕ್ಕೆ ಮಾಡಿನ ಮೇಲಿನ ಇಂಟರ್ನೆಟ್ ಡಿಶ್ ಹೂತುಹೋಗಿತ್ತು. ಸಂಪರ್ಕ ಬಂದೊಡನೆ ತಾನಾಗಿಯೇ ಹೋಗಲೆಂದು ಪತ್ರ ಸಾಲಿನಲ್ಲಿ ಕಾದು ಕುಳಿತಿತು.

ಬರೆದ ಮೇಲೆ ನಿದ್ದೆ ಬರಲಿಲ್ಲ. ಕಣ್ಣಾರೆ ನೋಡದೆ ಬರೆದೆನಲ್ಲ ಎಂದು ಹೊರಳಾಡಿದರು. ಆಮೇಲೆ ಎದ್ದು, ಕಂಬಳಿ ಹೊದ್ದು, ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಹತ್ತಿರ ಕುಳಿತರು. ಎದುರಿಗೇ ಟ್ರ್ಯಾಕ್ಟರು. ಯಾರೂ ಬರಲಿಲ್ಲ. ನಾಲ್ಕೂವರೆಗೆ ಹೊರಗೆ ಹೋಗಿ ಟಾರ್ಚು ಬಿಟ್ಟರು. ಸುತ್ತ ಹೆಜ್ಜೆ ಗುರುತಿರಲಿಲ್ಲ, ಟ್ಯಾಂಕಿನ ಮುಚ್ಚಳದ ಮೇಲೆ ಹಿಮ ಕದಡದೆ ಕೂತಿತ್ತು. ಮುಚ್ಚಳ ತೆಗೆದು ನನ್ನನ್ನು ಇಳಿಸಿದರು. ಸಂಜೆ ಎಷ್ಟಿತ್ತೋ ಅಷ್ಟೇ.

ಅಷ್ಟರಲ್ಲಿ ನುರ್ಬು ಬಂದ. "ಏನ್ ಮೇಡಂ, ನಕ್ಷತ್ರ ನೋಡಾಕೆ ಎದ್ದಿರಾ? ಮೋಡ ಅದೆ, ಮನಿಕ್ಕಳಿ."

"ನಿದ್ದೆ ಬರಲಿಲ್ಲ, ನುರ್ಬು. ನಿಮ್ಮ ಕೆಲಸ ನೀವು ಮಾಡಿ, ನಾನು ನೋಡ್ತಾ ಇರ್ತೀನಿ."

ಅವನು ಚಕ್ರದ ಕಲ್ಲು ಸರಿಸಿ, ಸೀಟಿಗೆ ಹತ್ತಿ ಬ್ರೇಕು ಬಿಟ್ಟ. ಹಿಮ ಶುರುವಾದಾಗಿನಿಂದ ಅವನು ಟ್ರ್ಯಾಕ್ಟರನ್ನು ಶೆಡ್ಡಿನಲ್ಲಿ ನಿಲ್ಲಿಸುತ್ತಿರಲಿಲ್ಲ. ಆ ಚಳಿಗೆ ಬ್ಯಾಟರಿ ಏಳುವುದಿಲ್ಲ. ಅದಕ್ಕೆ ಅಡುಗೆಮನೆಯ ಪಕ್ಕದ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುವುದು, ಬೆಳಿಗ್ಗೆ ಉರುಳಿಸಿ ಸ್ಟಾರ್ಟ್ ಮಾಡುವುದು. ಟ್ರ್ಯಾಕ್ಟರು ಉರುಳಿತು, ಕೆಮ್ಮಿತು, ಹತ್ತಿಕೊಂಡು ಅಂಗಳದ ಸಮನೆಲದಲ್ಲಿ ನಿಂತಿತು. ವಾರಿಜಾ ಮೇಡಂ ಬಾನೆಟ್ಟಿನ ಮೇಲೆ ಕೈಯಿಟ್ಟು ಪಕ್ಕದಲ್ಲೇ ನಡೆದು ಬಂದಿದ್ದರು. ಮುಚ್ಚಳದ ಮೇಲಿನಿಂದ ಕಣ್ಣು ತೆಗೆದಿರಲಿಲ್ಲ.

ಮತ್ತೆ ನನ್ನನ್ನು ಇಳಿಸಿದರು. ಅರ್ಧ ಗೆರೆ ಕಡಿಮೆ.

ಒರೆಸಿ ಇನ್ನೊಮ್ಮೆ ಇಳಿಸಿದರು. ಅರ್ಧ ಗೆರೆ ಕಡಿಮೆ.

ಇಪ್ಪತ್ತು ಹೆಜ್ಜೆಯ ದಾರಿ. ಇಬ್ಬರ ಹೊರತು ಅಲ್ಲಿ ಒಂದು ನಾಯಿಯೂ ಇರಲಿಲ್ಲ. ಅವರು ಟ್ಯಾಂಕನ್ನು ನೋಡಿದರು, ಇಳಿಜಾರನ್ನು ನೋಡಿದರು.

"ನುರ್ಬು, ಇದನ್ನ ಹಿಂದಕ್ಕೆ ಹತ್ತಿಸಿ."

"ಈಗ್ತಾನೆ ಇಳಿಸಿವ್ನಿ ಮೇಡಂ."

"ಹತ್ತಿಸಿ, ಒಂದು ಸಲ."

ಅವನು ತಲೆ ಕೊಡವಿಕೊಂಡು ಹಿಂದಕ್ಕೆ ಹತ್ತಿಸಿದ. ಟೊಪ್ಪಿ ಸರಿಮಾಡಿಕೊಂಡು, "ಇಂಜಿನ್ ಬಿಸಿಯಾಗ್ಲಿ. ನಾನು ಅಷ್ಟ್ರಲ್ಲಿ ಡಿಶ್ ಗುಡಿಸ್ಬುಡ್ತೀನಿ" ಎಂದು ಪೊರಕೆ ಹಿಡಿದು ಏಣಿಯ ಕಡೆ ನಡೆದ. ಅವರು "ಹ್ಞೂ" ಎಂದರು, ಕೇಳಿಸಿಕೊಳ್ಳದೆ. ನನ್ನನ್ನು ಇಳಿಸಿದರು. ಹೋಗಿದ್ದ ಅರ್ಧ ಗೆರೆ ಬಂದು ಕೂತಿತ್ತು.

ಟ್ಯಾಂಕಿನ ಬಾಯಿ ಮುಂತುದಿಯಲ್ಲಿತ್ತು. ಇಳಿಜಾರಿನಲ್ಲಿ ಮೂತಿ ಬಗ್ಗಿಸಿ ನಿಂತಾಗ ಡೀಸೆಲ್ಲೆಲ್ಲ ಮುಂದಕ್ಕೆ ಜಾರಿ ನನ್ನ ಮೈಯನ್ನು ಹೆಚ್ಚು ತೋಯಿಸುತ್ತಿತ್ತು. ಸಮನೆಲಕ್ಕೆ ಬಂದರೆ ಇದ್ದಷ್ಟು ತೋರುತ್ತಿತ್ತು. ಸಂಜೆ ಮೇಡಂ ಅಳೆಯುತ್ತಿದ್ದದ್ದು ಇಳಿಜಾರಿನಲ್ಲಿ, ಬೆಳಿಗ್ಗೆ ನುರ್ಬು ಅಳೆಯುತ್ತಿದ್ದದ್ದು ಉರುಳಿಸಿದ ಮೇಲೆ ಅಂಗಳದಲ್ಲಿ. ರಾತ್ರಿ ಏನೂ ಹೋಗುತ್ತಿರಲಿಲ್ಲ. ಸಂಜೆ ಉಳಿದಂತೆ ಕಂಡದ್ದು ಉಳಿದೇ ಇರಲಿಲ್ಲ. ಹಿಮ ತಳ್ಳುವಾಗ ಟ್ರ್ಯಾಕ್ಟರು ಗಂಟೆಗೆ ಮೂರು ಲೀಟರ್ ಕುಡಿಯುತ್ತಿತ್ತು, ಮೊದಲ ದಿನದಿಂದಲೂ.

ನನಗೆ ಎಷ್ಟು ಹಗುರವಾಯಿತೆಂದು ಹೇಳಲಾರೆ. ನಾನು ಬಾಗಿರಲಿಲ್ಲ. ವಾರಿಜಾ ಮೇಡಂ ನನ್ನನ್ನು ಎದೆಗೊತ್ತಿಕೊಂಡು, ಚಕ್ರದ ಪಕ್ಕದ ಹಿಮದ ಮೇಲೆಯೇ ಕೂತುಬಿಟ್ಟರು. ಸದ್ದಿಲ್ಲದೆ ನಗುತ್ತಿದ್ದರು.

ಆಗ ಮಾಡಿನ ಮೇಲಿಂದ 'ಸರಕ್, ಸರಕ್' ಎಂದು ಪೊರಕೆಯ ಸದ್ದು ಬಂತು.

ಅವರ ನಗು ನಿಂತಿತು. ಡಿಶ್ಶಿನ ಹಿಮ ಸರಿದರೆ ಪತ್ರ ಹೊರಡುತ್ತದೆ. ತನ್ನ ಕೆಲಸ ಕಳೆಯುವ ಪತ್ರಕ್ಕೆ ನುರ್ಬು ತಾನೇ ದಾರಿ ಗುಡಿಸುತ್ತಿದ್ದ.

ನಲವತ್ತೈದು ದಾಟಿದ ಹೆಂಗಸು, ಅಷ್ಟು ಎತ್ತರದಲ್ಲಿ, ಆ ದಪ್ಪ ಬೂಟುಗಳಲ್ಲಿ ಹಾಗೆ ಓಡಿದ್ದನ್ನು ನಾನು ಮತ್ತೆ ಕಾಣಲಿಲ್ಲ. ಬಾಗಿಲಿಗೆ ನನ್ನ ತುದಿ ಬಡಿಯಿತು. ಮಾಯಿಗೌಡ ಹಿಟ್ಟಿನ ಕೈಯಲ್ಲೇ ಇಣುಕಿ, "ಏನ್ ಮೇಡಂ, ಹಾವೇನಾರ ಕಂಡ್ರಾ? ಈ ಚಳೀಲಿ ಹಾವಿರಾಕಿಲ್ಲ" ಎಂದ. ಅವರು ಅವನನ್ನು ದಾಟಿ ಕೋಣೆಗೆ ನುಗ್ಗಿದರು. ತಲೆಯ ಮೇಲೆ ಪೊರಕೆ ಆಡುತ್ತಲೇ ಇತ್ತು. ಕಂಪ್ಯೂಟರು ತೆರೆದುಕೊಳ್ಳಲು ತನ್ನ ಹೊತ್ತು ತೆಗೆದುಕೊಂಡಿತು. ಸಾಲಿನಲ್ಲಿ ಪತ್ರ ಇನ್ನೂ ಇತ್ತು. ಅಳಿಸಿದರು. ಅಳಿಸಿದ ಬುಟ್ಟಿಯಿಂದಲೂ ಅಳಿಸಿದರು. ಸ್ವಲ್ಪ ಹೊತ್ತಿಗೆ ಮೂಲೆಯ ಹಸಿರು ದೀಪ ಹತ್ತಿತು.

"ಮೇಡಂ, ಲೈನು ಬಂತಾ?" ಮೇಲಿಂದ ನುರ್ಬುವಿನ ಕೂಗು.

"ಬಂತು, ನುರ್ಬು. ಇಳಿದು ಬನ್ನಿ, ಚಹಾ ಕುಡಿಯಿರಿ."

ಆ ದಿನ ಬೆಂಗಳೂರಿಗೆ ಹೋದ ಪತ್ರದಲ್ಲಿ ಎರಡೇ ಸಾಲು. 'ಹಿಮ ತಳ್ಳುವಾಗ ಟ್ರ್ಯಾಕ್ಟರಿಗೆ ಗಂಟೆಗೆ ಮೂರು ಲೀಟರ್ ಬೇಕು. ಹಿಂದೆ ಕಳಿಸಿದ ಅಂಕಿಗಳಲ್ಲಿ ನನ್ನಿಂದ ತಪ್ಪಾಗಿದೆ.' ಮೆಚ್ಚುಗೆ ಹಿಂದಕ್ಕೆ ಹೋಯಿತೇನೋ, ಗೊತ್ತಿಲ್ಲ. ಆಮೇಲೆ ಸಂಜೆಯ ಅಳತೆಯೂ ಸಮನೆಲದಲ್ಲೇ ಆಯಿತು. ಮಾಯಿಗೌಡ ಕೇಳಿದ್ದಕ್ಕೆ, "ನನ್ನ ಕಣ್ಣು ಸರಿಯಿರಲಿಲ್ಲ" ಎಂದಷ್ಟೇ ಹೇಳಿದರು. ಅವನು ಆ ವಾರವೆಲ್ಲ ಅವರಿಗೆ ಕ್ಯಾರೆಟ್ಟು ಹೆಚ್ಚು ಬಡಿಸಿದ. ಹಿಮ ಬೀಳುತ್ತಿರುವಾಗಲೇ ಎದ್ದು, ಅದು ಗಟ್ಟಿಯಾಗುವ ಮುಂಚೆ ನಿಧಾನದ ಗೇರಿನಲ್ಲಿ ತಳ್ಳಿದರೆ ಡೀಸೆಲ್ ಉಳಿಯುತ್ತದೆಂದು ನುರ್ಬು ಕಂಡುಕೊಂಡ. ಏಪ್ರಿಲಿನಲ್ಲಿ ದಾರಿ ತೆರೆದಾಗ ಪೀಪಾಯಿಯಲ್ಲಿ ಇನ್ನೂ ಇತ್ತು.

ಎರಡು ವರ್ಷದ ಮೇಲೆ ಹೊಸ ಟ್ರ್ಯಾಕ್ಟರು ಬಂತು. ಅದರ ಮುಳ್ಳು ಬದುಕಿದೆ. ನನ್ನನ್ನು ಅಡುಗೆಮನೆಯ ಹಿಂದಿನ ಪ್ಲಾಸ್ಟಿಕ್ ಗುಡಾರದಲ್ಲಿ ಬಟಾಣಿ ಬಳ್ಳಿಗೆ ಊರಿದರು. ಒಂದು ಗೆರೆ ಮಣ್ಣೊಳಗಿದೆ, ನಾಲ್ಕರ ಮೇಲೆ ಬಳ್ಳಿ ಹಬ್ಬಿದೆ. ಇಲ್ಲಿ ಬೆಚ್ಚಗಿದೆ. ಎಷ್ಟಿದೆ ಎಂದು ಯಾರೂ ನನ್ನನ್ನು ಕೇಳುವುದಿಲ್ಲ. ಹೇಳಿದ್ದು ಸರಿಯೋ ಎಂದು ನಾನೂ ನಡುಗುವುದಿಲ್ಲ.

ಕಳೆದ ವಾರ ವಾರಿಜಾ ಮೇಡಂಗೆ ವರ್ಗವಾಯಿತು. ಹೊರಡುವ ದಿನ ಬೆಳಿಗ್ಗೆ ಗುಡಾರಕ್ಕೆ ಬಂದರು. ನುರ್ಬು ದಾರಿಗೆಂದು ಬಟಾಣಿ ಬಿಡಿಸುತ್ತಿದ್ದ.

"ಮೇಡಂ, ಒಂದು ಮಾತು ಕೇಳ್ಲಾ? ಮುಂಚೆ ಇದ್ದ ಸಾಹೇಬ್ರೆಲ್ಲ ರಾತ್ರಿ ಟ್ಯಾಂಕಿಗೆ ಬೀಗ ಹಾಕೋರು. ನೀವೊಬ್ರೇ ಹಾಕ್ನಿಲ್ಲ. ನಮ್ಮನೇಲೂ ಹೇಳಿವ್ನಿ. ಯಾಕ್ ಹಾಕ್ನಿಲ್ಲ?"

ಅವರು ಬಳ್ಳಿಯ ನಡುವೆ ನನ್ನನ್ನು ಕಂಡರು. ಹೆಬ್ಬೆರಳಿನಿಂದ ಎರಡನೆಯ ಗೆರೆಯನ್ನು ಸವರಿದರು. ಬಾಯಿ ತೆರೆದರು. ಆ ಸಂಶಯ, ಆ ಪತ್ರ, ಎಲ್ಲ ನಾಲಗೆಯ ತುದಿಗೆ ಬಂದದ್ದು ನನಗೆ ಅವರ ಬೆರಳಿನಲ್ಲೇ ತಿಳಿಯಿತು. ನುರ್ಬು ಬುಟ್ಟಿ ಹಿಡಿದು, ನಗುಮೊಗದಲ್ಲಿ ಕಾಯುತ್ತಿದ್ದ.

"ಈ ಚಳಿಗೆ ಬೀಗ ಹೆಪ್ಪುಗಟ್ಟುತ್ತೆ, ನುರ್ಬು" ಎಂದರು. "ಬೆಳಿಗ್ಗೆ ತೆಗೆಯೋರು ಯಾರು?"

ಅವನು ಜೋರಾಗಿ ನಕ್ಕ. ಅವರು ಬುಟ್ಟಿ ತೆಗೆದುಕೊಂಡರು. ಇನ್ನು ಇದನ್ನು ಅವನಿಗಾಗಲಿ, ಮಾಯಿಗೌಡನಿಗಾಗಲಿ, ಮೈಸೂರಿನ ಮನೆಯಲ್ಲಾಗಲಿ, ಯಾರಿಗೂ ಹೇಳುವುದಿಲ್ಲವೆಂದು ಆ ಹೊತ್ತಿನಲ್ಲೇ ನಿರ್ಧರಿಸಿ, ಬೆರಳನ್ನು ನನ್ನಿಂದ ತೆಗೆದರು.