ಹೆಸರು ಕೇಳುವ ಪೆಟ್ಟಿಗೆ

ಜೇಬಿನಲ್ಲಿ ಮೊಬೈಲು ನಡುಗಿದ ಹಾಗಾಯಿತು, ಇಲ್ಲ, ನಡುಗಿದ್ದು ಎದೆಯೇ ಇರಬೇಕು, ಊರಿಗೆ ಟವರ್ ಬಂದ ಮೇಲೆ ಎದೆ ಯಾವುದು ಮೊಬೈಲು ಯಾವುದು ತಿಳಿಯುವುದಿಲ್ಲ ನನಗೆ — ತೋಟದಲ್ಲಿ ಕೊಬ್ಬರಿಗೆಂದು ಅಟ್ಟಕ್ಕೆ ಹಾಕುವ ಕಾಯಿ ಆರಿಸುತ್ತಾ ಕೂತವನು ಮತ್ತೆ ತೆಗೆದು ನೋಡುತ್ತೇನೆ, ಕರೆ ಬಂದಿಲ್ಲ, ಬಂದಿಲ್ಲವೆಂದರೆ ಮನೆಯಲ್ಲಿ ಗೌರಿ ಚೆನ್ನಾಗಿದ್ದಾಳೆ, ಹಾಗಂತ ಅನುಪಮಾ ಹೇಳಿದ್ದಾಳೆ, ಏನಾದ್ರೂ ಆದ್ರೆ ಪೆಟ್ಟಿಗೆ ನಿಮ್ಗೆ ಫೋನ್ ಮಾಡುತ್ತಪ್ಪ, ನೀವು ನೆಮ್ಮದಿಯಾಗಿ ತೋಟಕ್ಕೆ ಹೋಗಿ. ಮಗಳು ತಿಪಟೂರಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವಳು, ಬೆಳಗಿನ ಬಸ್ಸಿಗೆ ಹೋಗಿ ಸಂಜೆ ನಮ್ಮ ದಂಡಿನಶಿವರಕ್ಕೆ ವಾಪಸ್ಸು, ಅಮ್ಮನ ಮರೆವು ಹೆಚ್ಚಾಗಿ, ಒಂದು ದಿನ ಬಾಗಿಲು ತೆಗೆದುಕೊಂಡು ತವರಿನ ದಾರಿ ಹಿಡಿದ ಮೇಲೆ, ತಾನೇ ಕೂತು ಬೆಸುಗೆ ಹಾಕಿ ಮಾಡಿದ ಪೆಟ್ಟಿಗೆ, ಬಾಗಿಲು ತೆಗೆದರೆ ಕಿರುಚುತ್ತದೆ, ಗುಂಡಿ ಒತ್ತಿ, ಕಲಿಸಿದ ಹೆಸರು ಹಿಡಿದು ಕರೆದರೆ ಮಾತ್ರ ನನಗೆ ಫೋನು. ಬರೀ ಗುಂಡಿ ಸಾಲದಾ ಎಂದೆ, ಸಾಲಲ್ಲಪ್ಪ, ಅಮ್ಮ ದಿನವೆಲ್ಲ ಒತ್ತುತ್ತಾ ಕೂರ್ತಾಳೆ, ಎಲ್ಲಿ ಹೇಳಮ್ಮ, ಅಪ್ಪನ ಹೆಸರು ಹೇಳು, ಪೆಟ್ಟಿಗೆ ನಿನ್ನ ದನಿ ಕಲ್ತುಕೊಳ್ಳಲಿ. ಗೌರಿ ಗೋಡೆ ಕಡೆ ತಿರುಗಿ ನಕ್ಕಳು. ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಶಂಭುಲಿಂಗಯ್ಯ ಎಂಬ ಹೆಸರು ಬಂದಿಲ್ಲ, ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದಂತೆ, ಓಟರ್ ಲಿಸ್ಟಿನವರು ಬಂದು ಕೇಳಿದರೂ ಪಕ್ಕದ ಮನೆ ಕಲ್ಲಮ್ಮನ ಕೈಲಿ ಹೇಳಿಸಿದವಳು. ಮರ್ತೇಹೋಗಿದೆ ಎಂದು ಅನುಪಮಾ ಕಣ್ಣು ಒರೆಸಿಕೊಂಡಳು, ಮರ್ತಿಲ್ಲ ಕಣಮ್ಮ, ಹೇಳಲ್ಲ ಅಷ್ಟೆ, ಎನ್ನುವಾಗ ನನಗೆ ಒಳಗೊಳಗೇ ಜಂಬ, ಏನೆಲ್ಲ ಮರೆತವಳು ನನ್ನ ಆಯುಸ್ಸು ಮರೆತಿಲ್ಲವಲ್ಲ. ಕಡೆಗೆ ಗೌರಿ ನನ್ನನ್ನು ಯಾವಾಗಲೂ ಕರೆಯುವ ಹಾಗೆ, ಅನುಪಮನ ಅಪ್ಪಾ, ಅದನ್ನೇ ಮಗಳು ಪೆಟ್ಟಿಗೆಗೆ ಕಲಿಸಿದಳು. ಆಮೇಲೆ ತೋಟದಲ್ಲಿ ಕೂತರೆ ಸಾಕು ಫೋನು, ಏನೇ ಗೌರಿ ಅಂದರೆ, ಏನಿಲ್ಲ, ಸುಮ್ನೆ ಕರ್ದೆ. ಕೆಲಸ ಕೆಡಿಸ್ತೀಯಲ್ಲೇ ಎಂದು ಬೈಯುತ್ತಿದ್ದೆ, ಬೈದು ಮುಂದಿನ ಕರೆಗೆ ಕಾಯುತ್ತಿದ್ದೆ. ಈಗ ಕೆಲವು ದಿನದಿಂದ ಅದೂ ಇಲ್ಲ.

ಗಾಳಿ ಮನೆ ಕಡೆಯಿಂದ ಬೀಸುತ್ತಿದೆ, ಸೀದ ವಾಸನೆ, ಸಿಪ್ಪೆ ಸುಟ್ಟದ್ದಲ್ಲ, ಹಾಲು — ಎದ್ದೆ, ಮಂಡಿ ಬೇಗ ಏಳುವುದಿಲ್ಲ, ಗ್ಯಾಸಿನ ರೆಗ್ಯುಲೇಟರ್ ಆರಿಸಿ ಬಂದಿದ್ದೆನಾ, ಬಂದಿದ್ದೆ, ಇಲ್ಲ, ಅದು ನಿನ್ನೆ, ಬದುವಿನ ಮೇಲೆ ಎಡವುತ್ತಾ ಬಂದು ಬಾಗಿಲು ತಳ್ಳಿದರೆ ಪೆಟ್ಟಿಗೆ ಕಿರುಚಿತು, ಒಳಗೆಲ್ಲ ಹೊಗೆ, ಒಲೆ ಆರಿಸಿ ತಿರುಗಿದರೆ ಗೌರಿ ಅಲ್ಲೇ ಪೆಟ್ಟಿಗೆಯ ಮುಂದೆ, ಬೊಬ್ಬೆ ಎದ್ದ ಬಲಗೈಯನ್ನು ಎದೆಗೆ ಹಿಡಿದುಕೊಂಡು ಎಡಗೈಯಲ್ಲಿ ಗುಂಡಿ ಒತ್ತಿದ್ದಾಳೆ, ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ, ದನಿ ಇಲ್ಲ. ಎಷ್ಟು ಹೊತ್ತಿನಿಂದ ಹೀಗೆ ನಿಂತಿದ್ದಾಳೋ. ಕರೀಬಾರ್ದಾಗಿತ್ತೇನೇ, ಅನುಪಮನ ಅಪ್ಪಾ ಅಂತ — ಅನುಪಮಾ ಅಂದ್ರೆ ಯಾರಪ್ಪ, ಎಂದಳು, ಸೋಮವಾರ ಮಗಳ ಮುಖ ನೋಡಿ ನೀನು ಯಾರ ಮನೆ ಹುಡ್ಗಿ ಅಂದಿದ್ದಳಲ್ಲ, ಅನುಪಮಾ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳಂತೆ, ನಾನು ಇಲ್ಲಿ ಅತ್ತೆ, ಇಬ್ಬರೂ ಅತ್ತೆವೇ ಹೊರತು ಮಗಳು ಮರೆತುಹೋದರೆ ಮಗಳ ಅಪ್ಪನನ್ನು ಕರೆಯುವುದು ಹೇಗೆ ಎಂದು ಒಬ್ಬರಿಗೂ ಹೊಳೆಯಲಿಲ್ಲ, ಅಷ್ಟು ಓದಿದವಳಿಗೂ, ಈ ಮುದುಕನಿಗೂ. ಕೈಗೆ ತಣ್ಣೀರು ಹಾಕುತ್ತಾ ಕೇಳುತ್ತೇನೆ, ನಿಮ್ಮೆಜಮಾನ್ರ ಹೆಸರು ಹೇಳು ಗೌರಿ, ಒಂದ್ಸಲ ಹೇಳು ಸಾಕು, ರಾತ್ರಿ ಅನುಪಮಾ ಅದನ್ನೇ ಕಲಿಸ್ತಾಳೆ, ಗೊತ್ತಿಲ್ವಾ. ಗೊತ್ತು ಕಣಪ್ಪ, ಹೇಳಬಾರ್ದು, ಅವ್ರಿಗೆ ಏನಾದ್ರೂ ಆದ್ರೆ, ತೋಟದಲ್ಲವ್ರೆ, ವಸಿ ಕರ್ದು ಬುಡು ನಿನ್ ಪುಣ್ಯ, ಕೈ ಉರೀತದೆ. ನಾನೇ ಕಣೇ, ನೋಡೇ ಇಲ್ಲಿ, ಎಂದರೆ ಸೆರಗು ಬಿಗಿಯಾಗಿ ಹೊದ್ದು, ಪರಗಂಡಸಿನ ಕೈಯಿಂದ ಬಿಡಿಸಿಕೊಳ್ಳುವ ಹಾಗೆ ಕೈ ಬಿಡಿಸಿಕೊಂಡು, ನೀರು ಸುರಿಸುತ್ತಾ ಮತ್ತೆ ಪೆಟ್ಟಿಗೆಯ ಹತ್ತಿರ ಹೋಗುತ್ತಾಳೆ, ಒಂದು ಮಾರು ದೂರದಲ್ಲಿ ನಿಂತಿದ್ದೇನೆ, ಏನು ಮಾಡಲಿ, ನನ್ನನ್ನೇ ಕರೆಯುತ್ತಿದ್ದಾಳೆ, ನಾನು ಬಂದಾಗಿದೆ, ಇನ್ನು ಎಲ್ಲಿಂದ ಬರಲಿ — ಗುಂಡಿ ಒತ್ತುತ್ತಾಳೆ, ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ, ಬಾಯಿ ತೆರೆಯುತ್ತಾಳೆ