ಸಾಲಿನ ತುದಿಗೆ ಅಂಟಿದ್ದು

"ಕೈ ಹಚ್ಚಿಲ್ಲಂದ್ರ ಹಚ್ಚಿಲ್ಲ. ಎಷ್ಟು ಸರ್ತಿ ಹೇಳ್ಬೇಕ್ರಿ?"

"ಹಂಗಾರ ತಾನ ಕೆಟ್ಟತೇನು? ರಬಕವಿಯವ್ರು ಕರದಾರಂತ ಕೆಡಿಸಿ ಹೊಂಟೀಯಲ್ಲ ದಾನವ್ವಾ?"

ದಾನಮ್ಮನಿಗೂ ಮಾಲಕನಿಗೂ ಜಗಳ, ನನ್ನ ಸಲುವಾಗಿಯೇ. ನಾನು ಒಂದು ಶೆಲ್ ಸ್ಕ್ರಿಪ್ಟ್, ಎಂದರೆ ಕಂಪ್ಯೂಟರಿಗೆ ಒಂದರ ಹಿಂದೊಂದು ಕೆಲಸ ಹೇಳುವ ಸಾಲುಗಳು. ಬನಹಟ್ಟಿಯ ಸೀರೆ ಮಗ್ಗಗಳ ಶೆಡ್ಡಿನಲ್ಲಿ, ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರಿನಲ್ಲಿ ದಾನಮ್ಮ ನನ್ನನ್ನು ಬರೆದಳು. ಅವಳು ಬಿಡಿಸಿದ ಅಂಚು, ಸೆರಗುಗಳನ್ನು ಮಗ್ಗಕ್ಕೆ ತಿಳಿಯುವಂತೆ ಮಾಡಿ ಕಳಿಸುವುದು ನನ್ನ ಕೆಲಸ. ನಾನು ನಿಂತರೆ ಮಗ್ಗ ನಿಲ್ಲುತ್ತದೆ.

ಹುಟ್ಟಿಸಿದವಳಾದರೂ ನಾನು ಅವಳನ್ನು ಪೂರ್ತಿ ನಂಬಿಲ್ಲ. ಚಿತ್ರಗಳು ಎಲ್ಲಿವೆ ಎಂದು ಹೇಳುವಾಗ ಆ ಒಂದೇ ಕಂಪ್ಯೂಟರಿನ ವಿಳಾಸವನ್ನು ನನ್ನೊಳಗೆ ಬರೆದಿದ್ದಳು. ಬೇರೆ ಕಡೆ ಹೋದರೆ ನನಗೆ ದಾರಿಯೇ ಗೊತ್ತಾಗದು. ಅದು ಸೋಮಾರಿತನವೋ, ತನ್ನನ್ನು ಬಿಟ್ಟು ಯಾರೂ ನನ್ನನ್ನು ಓಡಿಸಬಾರದೆಂಬ ಹಟವೋ, ಇನ್ನೂ ತಿಳಿದಿಲ್ಲ.

ಮಾಲಕ ಚನಮಲ್ಲಪ್ಪನ ತಲೆಯಲ್ಲೂ ಇದೇ ಗುಮಾನಿ. ದಾನಮ್ಮನನ್ನು ರಬಕವಿಯ ಇನ್ನೊಂದು ಶೆಡ್ಡಿನವರು ಕರೆದಿದ್ದಾರೆಂದು ಸುದ್ದಿ ಬಂದದ್ದೇ ತಡ, ಅವಳು ಹೋದರೂ ಕೆಲಸ ನಡೆಯಲೆಂದು ಅವನು ವಿಂಡೋಸ್ ಕಂಪ್ಯೂಟರ್ ತಂದ. ಅವಳಿಲ್ಲದ ಹೊತ್ತು ನೋಡಿ ಪೆನ್ ಡ್ರೈವಿನಲ್ಲಿ ನನ್ನನ್ನು ಅಲ್ಲಿಗೆ ಒಯ್ದ. ಆ ಹೊಸ ಮನೆಯಲ್ಲಿ ಕಡತಗಳ ವಿಳಾಸ ಬರೆಯುವ ಓರೆಗೆರೆಗಳು ಎದುರು ದಿಕ್ಕಿಗೆ ವಾಲಿದ್ದವು. ಕಡತ ಹುಡುಕಿಕೊಡುವ ‘ಫೈಂಡ್’ ಎಂಬ ಆಜ್ಞೆಯವನನ್ನು ಕರೆದರೆ ಅದೇ ಹೆಸರಿನ ಬೇರೊಬ್ಬ ಎದ್ದು ಬಂದ. ಅವನಿಗೆ ನನ್ನ ಕೆಲಸವೇ ಗೊತ್ತಿಲ್ಲ.

ನಾನು ಓಡದಿದ್ದಾಗ ಮಾಲಕ ನನ್ನನ್ನು ತೆರೆದು, ಕಣ್ಣು ಕಿರಿದು ಮಾಡಿ ಓದಿ, ಸೇವ್ ಮಾಡಿ ಮುಚ್ಚಿದ. ಕೆಟ್ಟದ್ದು ಆಗಲೇ. ವಿಂಡೋಸಿನ ಪದ್ಧತಿಯಂತೆ ನನ್ನ ಪ್ರತಿ ಸಾಲಿನ ತುದಿಗೂ ಕಣ್ಣಿಗೆ ಕಾಣದ ಒಂದು ಗುರುತು ಅಂಟಿತು. ಅಲ್ಲಿ ಓಡದ್ದಕ್ಕೆ ಹಾಗೆಯೇ ವಾಪಸು ತಂದು, ಹಳೆಯ ಕಂಪ್ಯೂಟರಿನಲ್ಲಿದ್ದ ಹಳೆಯ ನನ್ನನ್ನು ಅಳಿಸಿ ಆ ಜಾಗಕ್ಕೇ ಹಾಕಿದ. ಲಿನಕ್ಸ್ ಆ ಗುರುತನ್ನೂ ನನ್ನ ಮಾತೆಂದೇ ತಿಳಿದು, ಮೊದಲ ಸಾಲಿನಲ್ಲೇ ನನ್ನನ್ನು ತಡೆಯಿತು. ಮಗ್ಗಗಳು ನಿಂತವು.

ಈಗ ಇಬ್ಬರೂ ಪರದೆ ನೋಡುತ್ತಿದ್ದರು. ಅಕ್ಷರವೆಲ್ಲ ನೆಟ್ಟಗಿತ್ತು.

"ನೀವೇನರ ತಗದಿದ್ರೇನ್ರಿ ಇದನ್ನ?" ದಾನಮ್ಮ ಕೇಳಿದಳು.

"ಬರೇ ನೋಡೀನಿ. ನೋಡಿದ್ರ ಸವೀತೈತೇನು?" ಎಂದ ಮಾಲಕ. "ಊರಾಗಿನ ಎಲ್ಲಾ ಶೆಡ್ಡಿಗೂ ಹೇಳ್ತೀನಿ, ಹೋಗೂವಾಗ ಮಗ್ಗ ನಿಲ್ಲಿಸಿ ಹೋಗೂ ಹೆಣ್ಮಗಳು ಅಂತ. ಯಾರ್ ಇಟ್ಕೋತಾರ ನೋಡೂಣು."

ದಾನಮ್ಮ ಬುತ್ತಿ ಡಬ್ಬಿ ಎತ್ತಿಕೊಂಡಳು.

"ರಬಕವಿಯವ್ರಿಗೆ ಬರೂದಿಲ್ಲಂತ ನಿನ್ನೇನ ಹೇಳಿ ಕಳಿಸೇನ್ರಿ ಸಾವ್ಕಾರ್ರ. ಇಲ್ಲೇ ಇರೂಣು ಅನ್ಕೊಂಡಿದ್ದೆ."

ಮಗ್ಗ ನಡೆಯುವಾಗ ಆ ಶೆಡ್ಡಿನಲ್ಲಿ ಕೂಗಿದರೂ ಕೇಳುವುದಿಲ್ಲ. ಅಂದು ಅವಳ ಚಪ್ಪಲಿ ಸಪ್ಪಳ ಬೀದಿಯ ತಿರುವಿನವರೆಗೂ ಕೇಳಿತು. ಅವಳು ಮತ್ತೆ ಬರಲಿಲ್ಲ.

ನಾನು ಮೂಲೆಯ ಕಂಪ್ಯೂಟರಿನಲ್ಲಿ ಹಾಗೆಯೇ ಬಿದ್ದಿದ್ದೇನೆ. ಬಂದವರಿಗೆಲ್ಲ ಮಾಲಕ ಹೊಸ ಕಂಪ್ಯೂಟರಿನಲ್ಲಿ ನನ್ನ ಇನ್ನೊಂದು ಪ್ರತಿಯನ್ನು ತೆರೆದು ತೋರಿಸುತ್ತಾನೆ, ಅವಳು ಎಲ್ಲಿ ಕೆಡಿಸಿದಳೆಂದು ಹುಡುಕಿಸುತ್ತಾನೆ. ಯಾರಿಗೂ ಸಿಗುವುದಿಲ್ಲ. ಪ್ರತಿ ಸಲವೂ ಸೇವ್ ಮಾಡಿಯೇ ಮುಚ್ಚುತ್ತಾನೆ.